ಕೊಟ್ರೇಶನ ಹೆಸರಿನ ಟೋಕನ್

ಗಂಗಾವತಿಯ ಕೊಟ್ರೇಶ ಸತ್ತ ಹನ್ನೊಂದನೆಯ ದಿನವೂ ಅವನ ಹೆಸರಿನಲ್ಲಿ ರೈತರ ಫೋನಿಗೆ ಸಂದೇಶ ಹೋಯಿತು: ‘ನಿಮ್ಮ ಪಾಳಿ ಮುಂದಕ್ಕೆ ಹೋಗಿದೆ. ಇಂತಿ, ಕೊಟ್ರೇಶ.’ ಹೇಮಗುಡ್ಡದ ದಾದೇಸಾಬ ಫೋನ್ ಹಿಡಿದು ಬಾಗಿಲಿಗೇ ಬಂದ.

“ನಿನ್ನ ಗಂಡ ಸತ್ತ ಮ್ಯಾಲೂ ಮೋಸ ಬಿಟ್ಟಿಲ್ಲವ್ವ. ನನ್ನ ಭತ್ತ ಉದುರಾಕತ್ತೈತಿ. ನನ್ನ ಪಾಳಿ ನಿನ್ನ ಗಂಡನ ಪಾಲುದಾರ ಗೋವಿಂದರಾಜನ ಮಾವಗ ಹೋಗೈತಿ.”

ಕೊಟ್ರೇಶನ ಹೆಂಡತಿ ಹುಲಗೆಮ್ಮ ಫೋನ್ ಇಸಿದುಕೊಂಡು ಸಂದೇಶ ಓದಿದಳು. ಗಂಡನ ಮೇಲೆ ಅವಳಿಗೂ ಸಿಟ್ಟಿತ್ತು.

ಭತ್ತ ಕೊಯ್ಯುವ ಯಂತ್ರಕ್ಕೆ ರೈತರು ಫೋನಿನಲ್ಲೇ ಪಾಳಿ ಹಚ್ಚುವ ವೆಬ್‌ಸೈಟನ್ನು ಕೊಟ್ರೇಶ ಕಟ್ಟಿದ್ದ. ಮೊದಲು ಹಚ್ಚಿದವರಿಗೆ ಮೊದಲ ಕೊಯ್ಲು. ಒಮ್ಮೆ ಪಾಸ್‌ವರ್ಡ್ ಒತ್ತಿದರೆ ಫೋನಿಗೆ ಟೋಕನ್ ಸಿಗುತ್ತಿತ್ತು. ಮುಂದೆ ಫೋನ್ ಅದನ್ನೇ ತೋರಿಸಿ ಒಳಗೆ ಹೋಗುತ್ತಿತ್ತು. ಟೋಕನ್ನಿಗೆ ಒಂದು ದಿನದ ಆಯುಷ್ಯ ಇಡಬೇಕಿತ್ತು. ಕೆಸರುಗೈಯವರು ದಿನಾ ಪಾಸ್‌ವರ್ಡ್ ಎಲ್ಲಿ ಒತ್ತುತ್ತಾರೆಂದು ಕೊಟ್ರೇಶ ಆ ಗಡುವನ್ನೇ ತೆಗೆದುಬಿಟ್ಟ. ಗೋವಿಂದರಾಜನ ಫೋನಿನಲ್ಲೂ ತನ್ನ ಹೆಸರಿನಿಂದಲೇ ಒಳಗೆ ಹೋಗಿ ಕೊಟ್ಟಿದ್ದ. ಪಾಳಿ ತಿದ್ದುವ ಅಧಿಕಾರ ಆ ಹೆಸರಿಗಷ್ಟೇ ಇತ್ತು.

ಹುಲಗೆಮ್ಮ ಗಂಡನ ಪಾಸ್‌ವರ್ಡ್ ಬದಲಿಸಿದಳು. ಸಂದೇಶ ನಿಲ್ಲಲಿಲ್ಲ. ಗೋವಿಂದರಾಜನ ಫೋನಿನಲ್ಲಿದ್ದ ಹಳೆಯ ಟೋಕನ್ನಿಗೆ ಸಾವೇ ಇರಲಿಲ್ಲ.

ಗೋವಿಂದರಾಜನ ಅಂಗಳಕ್ಕೆ ಹೋದಳು. “ಅವರ ಹೆಸರಿಂದ ಹೊರಗ ಬಾ.”

“ಹನ್ನೊಂದ ದಿನಕ್ಕ ಹೊಸ್ತಿಲ ದಾಟಿ ಬಂದ್ಯಲ್ಲ ಅತ್ತಿಗಿ,” ಎಂದು ಅವನು ನಕ್ಕ. “ಆರನೇತ್ತ ಕಲಿತಾಕಿ ನೀ, ಮನ್ಯಾಗ ಕುಂಡ್ರು. ಮಂದಿ ಬೈದ್ರ ಸತ್ತಾಂವಗೇನು ಕೇಳಿಸ್ತೈತಿ?”

“ನನಗ ಕೇಳಿಸ್ತೈತಿ.”

ಎಲ್ಲ ಟೋಕನ್ನುಗಳಿಗೂ ವೆಬ್‌ಸೈಟಿನ ಒಳಗೆ ಬರೆದಿಟ್ಟ ಒಂದೇ ಗುಟ್ಟಿನ ಅಕ್ಷರಸಾಲಿನಿಂದ ಮುದ್ರೆ ಬೀಳುತ್ತದೆ, ಆ ಸಾಲು ಬದಲಾದರೆ ಎಲ್ಲರೂ ಹೊರಗೆ ಎಂದು ಕೊಟ್ರೇಶ ಒಮ್ಮೆ ತೋರಿಸಿದ್ದ. ಎಲ್ಲರೂ ಎಂದರೆ, ಸುಗ್ಗಿಯಲ್ಲಿರುವ ನಾಲ್ಕುನೂರು ರೈತರೂ. ಹುಲಗೆಮ್ಮನಿಗೆ ಅದು ಗೊತ್ತಿತ್ತು. ಮನೆಗೆ ಬಂದು ಲ್ಯಾಪ್‌ಟಾಪ್ ತೆಗೆದು, ಆ ಸಾಲು ಅಳಿಸಿ, ಕೈಗೆ ಬಂದ ಅಕ್ಷರ ಒತ್ತಿದಳು. ದಾದೇಸಾಬನ ಪಾಳಿಯನ್ನು ಮೊದಲಿದ್ದಲ್ಲಿಗೆ ತಂದಳು. ಸಂದೇಶದ ಕೆಳಗಿನ ಗಂಡನ ಹೆಸರನ್ನೂ ತೆಗೆದಳು.

ಬೆಳಗಾದರೆ ಬಾಗಿಲ ತುಂಬ ಮಂದಿ. ಒಬ್ಬರಿಗೂ ಪಾಸ್‌ವರ್ಡ್ ನೆನಪಿಲ್ಲ, ಎಲ್ಲರಿಗೂ ಬೈಗುಳ ನೆನಪಿದೆ. ಅವಳು ಹೊಸ್ತಿಲಲ್ಲೇ ಕೂತು ಒಬ್ಬೊಬ್ಬರ ಫೋನಿಗೂ ಹೊಸ ಪಾಸ್‌ವರ್ಡ್ ಹಾಕಿಕೊಟ್ಟಳು.

ಮಂದಿಯ ಹಿಂದಿನಿಂದ ಗೋವಿಂದರಾಜ ಕೂಗಿದ: “ನಂದೂ ಬಂದ್ ಆಗೈತಿ. ಮೊದಲು ನಂದು ಹಾಕು.”

“ನಿನ್ನ ಹೆಸರಿಂದ ಹಾಕ್ತೀನಿ. ಪಾಳಿಗೆ ನಿಲ್ಲು.”

ದಾದೇಸಾಬ ತನ್ನ ಫೋನ್ ನೋಡಿದ. ನಾಳೆಯೇ ಕೊಯ್ಲು. ಕೆಳಗೆ ‘ಹುಲಗೆಮ್ಮ’ ಎಂದಿತ್ತು.

“ಇನ್ನ ಬೈಯೂದಿದ್ರ ನನ್ನ ಬೈರಿ,” ಎಂದು ಅವಳು ಮುಂದಿನವನ ಫೋನಿಗೆ ಕೈ ಚಾಚಿದಳು.