ಕಾರಿಗೆ ನೀರೆರಚಿದ ಬೇಸಿಗೆ

ಆಗೆಲ್ಲ ಬೇಸಿಗೆ ಬಂತೆಂದರೆ ನಮ್ಮೂರ ಕೆರೆ ಒಣಗುತ್ತಿತ್ತು, ಮಕ್ಕಳಿಗೆ ಆಟದ ಬಯಲು ಸಿಗುತ್ತಿತ್ತು. ಚನ್ನರಾಯಪಟ್ಟಣದಿಂದ ಹೊಳೆನರಸೀಪುರದ ಕಡೆಗೆ ಎತ್ತಿನ ಗಾಡಿಯಲ್ಲಿ ಹೊರಟರೆ ಒಂದು ನಿದ್ದೆ ತೆಗೆಯುವಷ್ಟು ದೂರಕ್ಕೆ ನಮ್ಮೂರು. ಬಿರುಕು ಬಿಟ್ಟ ಕೆರೆಯಂಗಳದಲ್ಲಿ ಕಪ್ಪೆಚಿಪ್ಪು ಆರಿಸುತ್ತಾ, ಸೈಕಲ್ ಟೈರನ್ನು ಕೋಲಿನಿಂದ ಹೊಡೆದುಕೊಂಡು ಓಡುತ್ತಾ ಸಂಜೆ ಮಾಡುತ್ತಿದ್ದೆವು. ದೊಡ್ಡವರು ಅಲ್ಲೇ ಗೋಡು, ಅಂದರೆ ಕೆರೆ ತಳದ ಕಪ್ಪು ಮಣ್ಣು, ಅಗೆದು ಹೊಲಕ್ಕೆ ಹೊಡೆಯುತ್ತಿದ್ದರು. ಯುಗಾದಿ ಕಳೆದ ಮೇಲೆ ಎತ್ತಿನ ಗಾಡಿ ಓಟವೂ ಅಲ್ಲೇ. ಓಡಿ ದಣಿದ ಎತ್ತು ಎದುರಿಗೆ ಬಂದಾಗ ಅದರ ಬೆನ್ನಿಗೆ ಚೊಂಬು ನೀರು ಎರಚುವುದು ಹೆಂಗಸರ ಕೆಲಸ. ಯಾರ ಎತ್ತಾದರೂ ಸರಿ, ಬಾಯಲ್ಲಿ ನೊರೆ ಕಂಡರೆ ನೀರು ಬೀಳುತ್ತಿತ್ತು.

ಒಂದು ವರ್ಷ ಎತ್ತುಗಳ ಬದಲು ಕಾರುಗಳು ಬಂದವು. ಊರೂರಿಗೆ ಹೋಗಿ ಕಾರೋಟ ಆಡಿಸುವುದನ್ನೇ ಕಸುಬು ಮಾಡಿಕೊಂಡಿದ್ದ ಮದರಾಸಿನ ಕಡೆಯ ಒಂದು ತಂಡದವು ಅವು. ಗಾಜು ಕಿತ್ತು ಮೈಮೇಲೆ ನಂಬರ್ ಬರೆದ ಹಳೆಯ ಕಾರುಗಳು. ಕೆರೆಯಂಗಳದಲ್ಲಿ ಮೊಟ್ಟೆಯ ಆಕಾರಕ್ಕೆ ಸುಣ್ಣದ ಗೆರೆ ಎಳೆದು ಹಾದಿ ಮಾಡಿದರು. ತಮ್ಮ ಡ್ರೈವರುಗಳನ್ನು ಸೋಲಿಸಿದ ಊರಿನವನಿಗೆ ಅವನು ಓಡಿಸಿದ ಕಾರೇ ಬಹುಮಾನ ಎಂದು ತಮಟೆ ಹೊಡೆಸಿ ಸಾರಿದರು.

ಅದನ್ನು ಕೇಳಿದ ದಿನದಿಂದ ನಮ್ಮ ತಿಮ್ಮಯ್ಯ ಚಿಕ್ಕಪ್ಪನಿಗೆ ಊಟ ಸೇರಲಿಲ್ಲ. ಅವನು ಒಬ್ಬ ಸಾಹುಕಾರರ ಹಾಸನದ ಬಸ್ಸಿಗೆ ಡ್ರೈವರ್. ಅವನ ಖಾಕಿ ಅಂಗಿಗೆ ಬೀಡಿಯ ವಾಸನೆ, ಜೇಬಿನಲ್ಲಿ ಯಾವಾಗಲೂ ನನಗೊಂದು ಕಳ್ಳೇಪುರಿ ಪೊಟ್ಟಣ. ಬಸ್ಸು ಕೊಂಚ ತಡವಾದರೂ ಪ್ಯಾಸೆಂಜರುಗಳ ಎದುರಿಗೇ ಸಾಹುಕಾರರು ಅವನ ಮಾನ ಹರಾಜು ಹಾಕುತ್ತಿದ್ದರು.

"ನಂದೇ ಒಂದು ಗಾಡಿ ಆದ್ರೆ ಬಾಡಿಗೆಗೆ ಬುಡ್ತೀನಿ. ಯಾವನ್ ಮುಂದೂ ಕೈ ಕಟ್ಕಂಡು ನಿಲ್ಲಂಗಿಲ್ಲ ಕಣವ್ವ," ಎಂದ ಅಜ್ಜಿಗೆ.

"ಬ್ಯಾಡ ಕಣ್ಲಾ ತಿಮ್ಮ. ಎತ್ತಾದ್ರೆ ಮಾತ್ ಕೇಳ್ತದೆ. ಇದು ಕೇಳ್ತದಾ?"

"ಎತ್ತಿಗಿಂತ ಚೆನ್ನಾಗ್ ಕೇಳ್ತದೆ. ನೀ ಬಂದು ನಿಂತ್ಕ, ಸಾಕು."

ಅಜ್ಜಿ ಬಂದು ನಿಂತಳು, ಗಾಡಿ ಓಟಕ್ಕೆ ನಿಲ್ಲುವ ಹಾಗೆ ತಿರುವಿನಲ್ಲಿ, ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡು.

ಸುತ್ತಲ ಹಳ್ಳಿಗಳೆಲ್ಲ ಏರಿಯ ಮೇಲೆ ನೆರೆದಿದ್ದವು. ಹುರಿಗಡಲೆ, ಬೆಲ್ಲದ ಪಾನಕ, ಎಲ್ಲದರೊಳಗೂ ಪೆಟ್ರೋಲಿನ ವಾಸನೆ. ಓಟದಲ್ಲಿ ಬಾಗಿಲು ತೆರೆದುಕೊಳ್ಳಬಾರದೆಂದು ಕಾರುಗಳಿಗೆ ಹೊರಗಿನಿಂದ ಹಗ್ಗ ಬಿಗಿದರು. ಚಿಕ್ಕಪ್ಪನ ಕಾರಿನದು ಅಪ್ಪನ ಗಂಟು. ಹುಲ್ಲಿನ ಹೊರೆ ಬಿಗಿದು ಪಳಗಿದ ಕೈ ಅದು.

ಬಾವುಟ ಬಿತ್ತು. ಧೂಳು ಎದ್ದು ಮೊದಲ ಸುತ್ತಿನಲ್ಲಿ ಏನೂ ಕಾಣಲಿಲ್ಲ. ಎರಡನೆಯದರಲ್ಲಿ ಚಿಕ್ಕಪ್ಪ ಮುಂದಿದ್ದ! ನಾನು ಗಂಟಲು ಕಟ್ಟುವಂತೆ ಕಿರುಚಿದೆ. ಆದರೆ ಅವನ ಕಾರಿನ ಮೂತಿಯಿಂದ ಬುಸಬುಸನೆ ಹಬೆ ಏಳುತ್ತಿತ್ತು.

"ಅಯ್ಯೋ, ನೋಡ್ರೇ, ಬಾಯಾಗೆ ಒಗೆ ಬತ್ತಾದೆ! ದಣ್ಕಂಡದೆ!" ಎಂದವಳೇ ಅಜ್ಜಿ ಚೊಂಬು ತುಂಬಿ ಎರಚಿದಳು.

ಅಷ್ಟು ಸಾಕಾಯಿತು. ಅಕ್ಕಪಕ್ಕದ ಹೆಂಗಸರೆಲ್ಲ ಎರಚಿದರು. ಕೆರೆಯ ಒರತೆಯಿಂದ ಬಿಂದಿಗೆಗಳು ಕೈಯಿಂದ ಕೈಗೆ ಬಂದವು, ನನ್ನ ಕೈಗೂ ಒಂದು ಚೊಂಬು ಬಂತು. ಸುತ್ತು ಬಂದಾಗಲೆಲ್ಲ ಚಿಕ್ಕಪ್ಪ ಒದ್ದೆ ಮುಖದಲ್ಲಿ ನಗುತ್ತಾ ಅಜ್ಜಿಗೆ ಕೈ ಎತ್ತುತ್ತಿದ್ದ. ತಂಡದ ಡ್ರೈವರುಗಳು ಮಾತ್ರ ನಮ್ಮ ತಿರುವಿಗೆ ಬಂದಾಗ ವೇಗ ತಗ್ಗಿಸುತ್ತಿದ್ದರು. ಸೋಲೊಪ್ಪಿಕೊಂಡರು ಎಂದು ನಾವು ಕೇಕೆ ಹಾಕಿದೆವು. ತಂಡದವನೊಬ್ಬ ಎರಡೂ ಕೈ ಬೀಸುತ್ತಾ, ತಮಿಳಿನಲ್ಲಿ ಏನೋ ಕೂಗುತ್ತಾ ನಮ್ಮತ್ತ ಓಡಿ ಬಂದ.

"ತಮ್ ಕಾರು ಸೋಲ್ತದೇಂತ ಒಟ್ಟೆಕಿಚ್ಚು ಇವನ್ಗೆ. ಉಯ್ರೇ ಇನ್ನೊಂದ್ ಕೊಡ!" ಎಂದಳು ಪಕ್ಕದ ಮನೆಯ ಸಾಕಮ್ಮ. ಎಲ್ಲರೂ ನಕ್ಕರು, ಎಲ್ಲರೂ ಹುಯ್ದರು.

ಕೊನೆಯ ಸುತ್ತಿನಲ್ಲಿ ಕಾರು ತಿರುವಿಗೆ ಬಂದದ್ದು ಬಂತು, ತಿರುಗಲಿಲ್ಲ. ಒದ್ದೆ ಗೋಡಿನ ಮೇಲೆ ಅಡ್ಡಡ್ಡ ಜಾರಿತು, ಸುಣ್ಣದ ಗೆರೆ ದಾಟಿತು, ಮಣ್ಣು ತೆಗೆದ ಗುಂಡಿಗೆ ತಲೆಕೆಳಗಾಗಿ ಬಿತ್ತು. ಅಪ್ಪ ಎಲ್ಲರಿಗಿಂತ ಮೊದಲು ಓಡಿದ. ಅವನೇ ಹಾಕಿದ ಗಂಟು ಅವನ ಕೈಗೇ ಬಿಚ್ಚಲಿಲ್ಲ. ಯಾರೋ ಕುಡುಗೋಲು ತಂದು ಕೊಯ್ದರು. ಚಿಕ್ಕಪ್ಪನನ್ನು ಹೊರಗೆ ತೆಗೆದಾಗ ಮುಖ ಇನ್ನೂ ಒದ್ದೆಯಾಗಿತ್ತು. ಉಸಿರು ಇರಲಿಲ್ಲ.

"ಏನಾಯ್ತ್ಲಾ ಅದ್ಕೆ?" ಎಂದು ಅಜ್ಜಿ ರಾತ್ರಿಯೆಲ್ಲ ಅಪ್ಪನನ್ನು ಕೇಳಿದಳು.

"ಚಕ್ರ ಮುರೀತು ಕಣವ್ವ," ಎಂದ ಅಪ್ಪ. ಊರಲ್ಲಿ ಎಲ್ಲರೂ ಅದನ್ನೇ ಹೇಳಿದರು. ನೀರು ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ಹುಟ್ಟಿದಾಗಿನಿಂದ ಕೆರೆ ಮಣ್ಣು ತುಳಿದವಳಿಗೆ ಒದ್ದೆ ಗೋಡು ಬೆಣ್ಣೆಯ ಹಾಗೆಂದು ಹೇಳಿಕೊಡಬೇಕೇ? ನಮಗೆಲ್ಲ ಗೊತ್ತಿದ್ದದ್ದೇ. ಆ ಸಂಭ್ರಮದಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ಆಮೇಲೆ ಅಜ್ಜಿ ಬೆಳಗಿನ ಹೊತ್ತು ಅಂಗಳಕ್ಕೆ ನೀರು ಹಾಕುವುದನ್ನು ಬಿಟ್ಟಳು. ನನ್ನ ಅವ್ವ ಹಾಕಿದರೆ ಬಾಗಿಲಲ್ಲಿ ಅಡ್ಡ ನಿಂತು, "ಒಣಗ್ಲಿ ಇರ್ರೋ," ಎಂದು ಹೊರಟವರನ್ನೆಲ್ಲ ತಡೆಯುತ್ತಿದ್ದಳು.

ಈಗ ಆ ಕೆರೆಗೆ ಕಾಲುವೆ ನೀರು ಬರುತ್ತದೆ, ಬೇಸಿಗೆಯಲ್ಲೂ ಒಣಗುವುದಿಲ್ಲ. ಓಟ ನಿಂತುಹೋದದ್ದಕ್ಕೆ ನನಗೆ ಬೇಸರವಿಲ್ಲ. ಸಂಕಟವಾಗುವುದು ಬೇರೆಯದಕ್ಕೆ. ಮರುವರ್ಷದ ಗಾಡಿ ಓಟಕ್ಕೆ ಒಬ್ಬ ಹೆಂಗಸೂ ಬಿಂದಿಗೆ ತರಲಿಲ್ಲ. ಎತ್ತುಗಳು ನೊರೆ ಸುರಿಸುತ್ತಾ ಒಣ ಬೆನ್ನಿನಲ್ಲೇ ನಮ್ಮ ಮುಂದೆ ಹಾದುಹೋದವು. ಯಾರ ಎತ್ತು ಎಂದು ಕೇಳದೆ ಚೊಂಬು ಹಿಡಿದು ಓಡುತ್ತಿದ್ದ ಆ ಸಾಲು ಮತ್ತೆ ಸೇರಲೇ ಇಲ್ಲ.

ಅಜ್ಜಿಯ ಕೊನೆಗಾಲಕ್ಕೆ ನಾನು ಮದುವೆಯಾಗಿ ಅರಕಲಗೂಡು ಸೇರಿದ್ದೆ. ಸುದ್ದಿ ತಿಳಿದು ಓಡಿ ಬಂದೆ. ಬಾಯಿಗೆ ಬಿಡಲೆಂದು ಅಪ್ಪ ಚೊಂಬಿನಲ್ಲಿ ನೀರು ತಂದ. ಅಜ್ಜಿ ತುಟಿ ಬಿಗಿದಳು. ಎಲ್ಲಿತ್ತೋ ಶಕ್ತಿ, ಕೈ ಎತ್ತಿ ಚೊಂಬನ್ನು ತಡೆದಳು.

"ಬ್ಯಾಡ ಕಣ್ಲಾ, ನೀರ್ ಉಯ್ಬ್ಯಾಡ," ಎಂದಳು. "ತಿಮ್ಮ ಬತ್ತಾವ್ನೆ."