ದಣಿಯದ ಇಂಜಿನ್ನು, ಸೋಮವಾರದ ದುಂಡಪ್ಪ

ಮೇಲವಂಕಿಯ ಗಿರಣಿ ದುಂಡಪ್ಪನ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಯಮನವ್ವ ಸುಮ್ಮನೆ ಬಿಡುತ್ತಿರಲಿಲ್ಲ. ಗಂಡ ಅಂತಲ್ಲ ಬಿಡಿ. ಮನೆಯೊಳಗೆ ಅವಳೇ ಅವನನ್ನು ಬೇಕಾದಷ್ಟು ಬೈಯುತ್ತಿದ್ದಳು.

ದುಂಡಪ್ಪ ಮೊದಲು ರಾಚಪ್ಪ ಸಾವ್ಕಾರನ ಎತ್ತು ಹೊಡೆಯುತ್ತಿದ್ದವನು. ಐವತ್ತೆಂಟನೇ ಇಸವಿಯ ಸುಮಾರಿಗೆ ಸಾವ್ಕಾರ ಊರಿಗೆ ಹಿಟ್ಟಿನ ಗಿರಣಿ ತಂದ. ಎಣ್ಣೆ ಇಂಜಿನ್ನಿನ ಸಮೀಪ ಹೋಗಲು ಉಳಿದವರೆಲ್ಲ ಹೆದರಿದಾಗ ಇವನು ಹೋಗಿ, ಹೊಸ ಹೋರಿಯನ್ನು ಪಳಗಿಸುವವನ ಹಾಗೆ ಅದರ ಮೈ ಸವರಿದ. ಗೋಕಾಕದ ಮೇಸ್ತ್ರಿ ಕೆಲಸ ಕಲಿಸಿಕೊಟ್ಟ. ಬೀಸುಕಲ್ಲು ತಿರುಗಿಸಿ ರಟ್ಟೆ ಸೋತಿದ್ದ ಹೆಂಗಸರು ದುಂಡಪ್ಪನನ್ನು ಬಾಯಿತುಂಬ ಹರಸಿದರು. ಯಮನವ್ವ ಹಿರಿಹಿರಿ ಹಿಗ್ಗಿದಳು.

ಸೋಮವಾರ ಮಾತ್ರ ಗಿರಣಿ ಬಂದ್. ಅದು ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಎತ್ತು ಹೊಡೆಯುವವನಿಗೂ ಅಂದು ಬಿಡುವು. ದುಂಡಪ್ಪ ಆ ರೂಢಿಯನ್ನು ಹಾಗೇ ಗಿರಣಿಗೂ ತಂದಿದ್ದ, ಯಾರೂ ಯಾಕೆ ಅಂದಿರಲಿಲ್ಲ.

ಅಂದವನು ಸಾವ್ಕಾರನ ಅಳಿಯ, ಸಂಕೇಶ್ವರದ ರಾವಸಾಹೇಬ. ಪೇಪರ್ ಓದುವ ಮನುಷ್ಯ. ಒಂದು ಸಂಜೆ, ಯಮನವ್ವ ಗಂಡನಿಗೆ ಮಜ್ಜಿಗೆ ತಂದಿದ್ದಾಗ, ರಾವಸಾಹೇಬ ಗಿರಣಿಯ ಕಟ್ಟೆಯ ಮೇಲೆ ಮಾವನ ಪಕ್ಕ ಕೂತು ಲೋಕದ ಭವಿಷ್ಯ ಹೇಳತೊಡಗಿದ.

“ಪರದೇಶದಾಗ ಲೆಕ್ಕಾ ಮಾಡೋ ಮಷೀನ ಬಂದೈತಿ. ನಾಳೆ ವಿಚಾರಾನೂ ಅದ ಮಾಡತೈತಿ. ಆಮ್ಯಾಲ ಮನಷಾಗ ಏನ್ರಿ ಕೆಲಸ? ಕಾಲ ಚಾಚಿ ಮಲಗೂದ!”

ಕಟ್ಟೆಯ ಮೇಲಿದ್ದವರೆಲ್ಲ ಹೋ ಎಂದು ನಕ್ಕರು. ರಾವಸಾಹೇಬ ದುಂಡಪ್ಪನ ಕಡೆ ತಿರುಗಿದ. “ಇಂಥಾ ಕಾಲದಾಗ ನೀ ಸೋಮವಾರ ಬಂದ್ ಇಡತೀಯಲ್ಲೋ! ಇಂಜಿನ ಏನ ಎತ್ತೇನ? ಅದು ದಣಿಯೂದಿಲ್ಲ. ಬರೂ ಸೋಮವಾರದಿಂದ ಚಾಲೂ ಮಾಡು.”

ದುಂಡಪ್ಪ ಕೈಗಂಟಿದ ಎಣ್ಣೆ ಒರೆಸಿಕೊಂಡ. “ದಣಿಯೂದಿಲ್ಲ, ಖರೆ ಐತ್ರಿ. ಅದಕ್ಕ ನನಗ ಅಂಜಿಕಿ. ದಣಿಯದ್ದರ ಜೋಡಿ ಮನಷಾನ್ನ ಹೂಡಿದ್ರ ಅದು ಅವಗ ದಣಿವಾರಿಸ್ಕೊಳ್ಳಾಕ ಬಿಡೂದಿಲ್ರಿ. ವಿಚಾರ ಮಾಡೋ ಮಷೀನ ಬರಲಿ, ನೋಡ್ರಿ ಬೇಕಾದ್ರ. ಮಲಗೂದು ದೂರ ಉಳೀತು, ನಮ್ಮ ಮೊಮ್ಮಕ್ಕಳು ಅದರ ಹಿಂದ ಓಡತಾವ. ಸೋಮವಾರ ನಾ ಬರೂದಿಲ್ರಿ.”

“ಹಂಗಾದ್ರ ಮಂಗಳವಾರಾನೂ ಬರಬ್ಯಾಡ,” ಎಂದುಬಿಟ್ಟ ರಾಚಪ್ಪ ಸಾವ್ಕಾರ. ಅಳಿಯನ ಮುಂದೆ ಅವನಿಗೆ ತನ್ನ ದೊಡ್ಡಸ್ತಿಕೆ ತೋರಿಸಬೇಕಿತ್ತು.

ಯಮನವ್ವ ಮಜ್ಜಿಗೆಯ ತಂಬಿಗೆ ಎತ್ತಿಕೊಂಡಳು. ಹೊಲ ಇಲ್ಲ, ತೋಟ ಇಲ್ಲ, ಒಲೆ ಉರಿಯುತ್ತಿದ್ದದ್ದೇ ಆ ಪಗಾರದಿಂದ. ದಾರಿಯುದ್ದಕ್ಕೂ ಗಂಡನನ್ನು ಬೈದಳು. ಮನೆಯಲ್ಲಿ ರೊಟ್ಟಿ ಮುರಿಯುವಾಗ ಅವನ ಕೈ ನಡುಗುತ್ತಿತ್ತು. ಇಂಜಿನ್ನು ನಿಂತಮೇಲೂ ಅದರ ಅದುರು ಆ ಕೈಯೊಳಗೆ ಉಳಿಯುತ್ತಿತ್ತು. ಅದನ್ನು ನೋಡಿ ಅವಳು ಬೈಯುವುದನ್ನು ನಿಲ್ಲಿಸಿದಳು. “ನೀವು ಅಂದದ್ದ ಬರೋಬರಿ ಐತಿ,” ಎಂದಳು.

ಸೋಮವಾರ ಗೋಕಾಕದಿಂದ ಬೇರೆ ಡ್ರೈವರ ಬಂದು ಇಂಜಿನ್ನು ಶುರು ಮಾಡಿದ. ಆ ಸದ್ದು ಕೇಳಿ ಯಮನವ್ವನ ಮೈಯೆಲ್ಲ ಉರಿದುಹೋಯಿತು. ಕೊಡ ಎತ್ತಿಕೊಂಡು ನೇರ ಬಾವಿಗೆ ಹೋದಳು. ಅಲ್ಲಿ ಊರಿನ ಅರ್ಧ ಹೆಂಗಸರು ಇದ್ದರು.

“ಇಂಜಿನ ದಣಿಯೂದಿಲ್ಲಂತ. ಆತು. ಬುಟ್ಟಿ ಹೊರೂ ಕುತಿಗಿ ಯಾರದವ್ವಾ? ಎತ್ತಿಗೊಂದ ದಿನಾ ಐತಿ, ನಮಗ ಬ್ಯಾಡೇನು?”

“ಅಯ್ಯ ಖರೆ ನೋಡವಾ!” ಎಂದಳು ಮುದುಕಿ ಕೆಂಚವ್ವ.

ಅಂದು ಒಬ್ಬಳೂ ಕಾಳಿನ ಬುಟ್ಟಿ ಎತ್ತಲಿಲ್ಲ. ಕಾಳಿಲ್ಲದೆ ಓಡಿಸಿದರೆ ಗಿರಣಿಯ ಕಲ್ಲು ಕಲ್ಲನ್ನೇ ತಿನ್ನುತ್ತದೆ. ಹೊಸ ಡ್ರೈವರ ಮಧ್ಯಾಹ್ನದೊಳಗೆ ಇಂಜಿನ್ನು ನಿಲ್ಲಿಸಿ ಊರ ದಾರಿ ಹಿಡಿದ.

ಹೊತ್ತು ಇಳಿಯುವಾಗ ಸಾವ್ಕಾರ ತಾನೇ ದುಂಡಪ್ಪನ ಮನೆ ಬಾಗಿಲಿಗೆ ಬಂದ. ಅವನ ಹಿತ್ತಲಲ್ಲಿ ಅವತ್ತೂ ಎತ್ತುಗಳು ಮೈ ತೊಳೆಸಿಕೊಂಡು ಮೆಲುಕು ಹಾಕುತ್ತಿದ್ದವು. ಅವನ್ನು ನೋಡಿಯೇ ನಾಚಿಕೆ ಬಂದಿತೋ, ಕಲ್ಲು ಸವೆಯುವ ಸಂಕಟವೋ, ಅವನಿಗೇ ಗೊತ್ತು.

“ದುಂಡಪ್ಪ ಅದಾನೇನ ಯವ್ವಾ? ಮಂದಿ ಹೊರಗಿನ ಊರಿಂದ ಕಾಳ ತಗೊಂಡ ಬಂದಾರ, ಒಂದ ತಾಸ ಬಂದ ಹೋಗಂತ ಹೇಳು. ಇನ್ನ ಸೋಮವಾರ ಕರ್ಯೂದಿಲ್ಲ, ಇದೊಂದ ಸಲ.”

ಒಳಗೆ ದುಂಡಪ್ಪ ಗೊರಕೆ ಹೊಡೆಯುತ್ತಿದ್ದ. ಎಬ್ಬಿಸಿದರೆ ಎದ್ದು ಹೋಗುವವನೇ. ಯಮನವ್ವ ಸೆರಗು ತಲೆಯ ಮೇಲೆ ಸರಿಮಾಡಿಕೊಂಡು, ಎದೆಯೆತ್ತಿ ಹೊಸ್ತಿಲ ಮೇಲೆ ನಿಂತಳು.

“ಮಲಗ್ಯಾರ್ರಿ ಸಾವ್ಕಾರ್ರ. ನಾಳೆ ಬರತಾರ. ಅಲ್ಲೀತನಾ ನಿಮ್ಮ ಇಂಜಿನ ಅವ್ರನ್ನ ಕಾಯಲಿ.”