ಸುಮ್ಮನಿದ್ದವರ ತಲೆಯ ಫೋಟೋ

ಡಾಕ್ಟರ್ ಪ್ರಮೋದಾ ಏನು ಕೆಲಸ ಮಾಡುತ್ತಾಳೆಂದು ಅವಳ ತವರೂರು ದೊಡ್ಡಬೆಳವಂಗಲದಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: ತಲೆ ಫೋಟೋ ತೆಗೀತಾಳೆ. ಮುನಿಗಂಗಮ್ಮ ಎಂಬ ಅಜ್ಜಿ ಒಮ್ಮೆ ಮೊಮ್ಮಗಳನ್ನು ಕರೆತಂದು, "ಕಾಲೇಜಿಗೆ ಬೇಕಂತೆ ಕಣವ್ವಾ, ಪಾಸ್‌ಪೋರ್ಟ್ ಸೈಜು ನಾಕು ತೆಗೆದ್ಕೊಡು" ಎಂದು ಕೂತುಬಿಟ್ಟಿದ್ದರು. ಪ್ರಮೋದಾ ತಿದ್ದಲು ಹೋಗಲಿಲ್ಲ. ಸಂಶೋಧನೆಗೆ ಅನುದಾನ ಕೊಡುವ ಸಮಿತಿಗೆ ತಾನು ಪುಟಗಟ್ಟಲೆ ಬರೆದು ಹೇಳುವುದೂ ಹೆಚ್ಚುಕಡಿಮೆ ಅದನ್ನೇ ಎಂದು ಅವಳಿಗೆ ಗೊತ್ತಿತ್ತು.

ಊರವರು ಲಕ್ವ ಎನ್ನುವ, ಪತ್ರಿಕೆಯವರು ಪಾರ್ಶ್ವವಾಯು ಎನ್ನುವ, ಅವಳು ಸ್ಟ್ರೋಕ್ ಎನ್ನುವ ಕಾಯಿಲೆ ಬಂದುಹೋದ ಮೇಲೆ ಮಿದುಳು ಏನು ಮಾಡುತ್ತದೆ ಎಂಬುದು ಅವಳ ವಿಷಯ. ಬೇರೆ ನರರೋಗ ತಜ್ಞರು ಕಾಯಿಲೆ ಹೊಡೆದ ಮೊದಲ ಗಂಟೆಗಳ ಹಿಂದೆ ಓಡುತ್ತಾರೆ. ಇವಳು ಎಲ್ಲರೂ ಮನೆಗೆ ಹೋದ ಮೇಲೆ ಬರುವವಳು. ಓದುವ ಕಾಲದಲ್ಲಿ ಒಂದೇ ವಾರ್ಡಿನಲ್ಲಿ ಇಬ್ಬರಿದ್ದರು. ಇಬ್ಬರಿಗೂ ಮಾತು ಹೋಗಿತ್ತು, ಇಬ್ಬರ ಮಿದುಳಿನಲ್ಲೂ ಗಾಯ ಒಂದೇ ಜಾಗದಲ್ಲಿ, ಒಂದೇ ಅಳತೆಯಲ್ಲಿತ್ತು. ಒಬ್ಬ ತಿಂಗಳೊಪ್ಪತ್ತಿನಲ್ಲಿ ನರ್ಸುಗಳನ್ನು ಬೈಯುವಷ್ಟು ಸುಧಾರಿಸಿದ. ಇನ್ನೊಬ್ಬ ಸಾಯುವವರೆಗೂ "ಆಯ್ತು" ಎಂಬ ಒಂದೇ ಪದದಲ್ಲಿ ಸಂಸಾರ ನಡೆಸಿದ. ಯಾಕೆ ಹೀಗೆ ಎಂದು ಅವತ್ತು ತಲೆ ಕೆಡಿಸಿಕೊಂಡವಳು, ಆಮೇಲೆ ಕೆಟ್ಟ ತಲೆಗಳಲ್ಲೇ ಬದುಕು ಕಟ್ಟಿಕೊಂಡಳು.

ಹೆದ್ದಾರಿ ಮುಚ್ಚಿದರೆ ಬಸ್ಸುಗಳು ಹಳ್ಳಿದಾರಿ ಹಿಡಿಯುತ್ತವೆ. ಮಾತಿನ ಜಾಗ ಸತ್ತರೆ ಅಕ್ಕಪಕ್ಕದ, ಕೆಲವೊಮ್ಮೆ ಆಚೆ ಬದಿಯ ಜಾಗ ಆ ಹೊರೆ ಹೊರುತ್ತದೆ. ರೋಗಿಯನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಬೀಗ, ಬಾಚಣಿಗೆ, ಕೋಳಿ ಎಂದು ಚಿತ್ರ ತೋರಿಸಿ ಹೆಸರು ಹೇಳಿಸಿದರೆ, ಕೆಲಸ ಮಾಡುವ ಜಾಗ ಪರದೆಯ ಮೇಲೆ ಬಣ್ಣವಾಗಿ ಕಾಣುತ್ತದೆ. ದೊಡ್ಡಬಳ್ಳಾಪುರದಲ್ಲಿ ಮನೆ ಮಾಡಿ, ದಿನಾ ಬೆಂಗಳೂರಿಗೆ ಕಾರು ಓಡಿಸುತ್ತ, ಪ್ರಮೋದಾ ಹದಿನೈದು ವರ್ಷ ಪರರ ತಲೆಯ ಹಳ್ಳಿದಾರಿ ಹುಡುಕಿದಳು.

ಹೋದ ವರ್ಷ ಅವಳಿಗೆ ಬೇಕಾದದ್ದು ಒಳ್ಳೆಯ ತಲೆ. ಹೋಲಿಸಿ ನೋಡಲು, ಎಪ್ಪತ್ತು ದಾಟಿದ, ಯಾವತ್ತೂ ಏನೂ ಆಗದ ಜನ. ಈ ಸಂಶೋಧನೆಯ ಭಾಷೆಯಲ್ಲಿ ಅಂಥವರು 'ಕಂಟ್ರೋಲ್'. ಊರಿನಲ್ಲಿ ಕೇಳಿದರೆ, ಆ ಕೊಳವೆಯೊಳಗೆ ತಲೆ ಕೊಡಲು ಯಾರೂ ಸಿದ್ಧರಿಲ್ಲ. ಮುಂದೆ ಬಂದವರು ಅವಳಪ್ಪ ಮುನಿರಾಮಯ್ಯ.

"ಕೆಟ್ಟ ತಲೆ ನೋಡಿ ನೋಡಿ ನಿಂಗೂ ಬೇಜಾರಾಗಿರ್ತದೆ ಮಗಾ. ಒಂದ್ಸಲ ಒಳ್ಳೇದು ನೋಡು."

ಅವರ ತಲೆಯ ಮೇಲೆ ಊರಿಗೂ ಭರವಸೆ. ಹೆಣ್ಣು ಕೊಡುವ ಮೊದಲು ಗಂಡಿನ ಕಡೆಯವರನ್ನು ಅವರ ಜಗಲಿಗೆ ಕರೆತಂದು ಕಾಫಿ ಕೊಡಿಸುವ ಪದ್ಧತಿ ಬೆಳೆದಿತ್ತು. ಮುನಿರಾಮಯ್ಯ ಮಾತಾಡಿದರೆ ಸಂಬಂಧ ಕುದುರಿತು, ಸುಮ್ಮನಿದ್ದರೆ ಕೈಬಿಟ್ಟರು.

ಈ ಕೀರ್ತಿಯ ಹುಟ್ಟು ಅವರ ತಮ್ಮ ಅಪ್ಪಯ್ಯಣ್ಣನ ಮಗಳು ಮಮತಳ ತಾಂಬೂಲದ ದಿನ. ವೀಳ್ಯದ ತಟ್ಟೆ ಬದಲಾಯಿಸುವಾಗ ಹೆಣ್ಣಿನ ಮನೆಯ ಹಿರಿಯ "ಹೆಣ್ಣು ಕೊಟ್ಟೆವು" ಎಂದು ಬಾಯಿಬಿಟ್ಟು ಹೇಳಬೇಕು; ಹೇಳದಿದ್ದರೆ ಕೊಟ್ಟಂತಲ್ಲ. ದೊಡ್ಡಪ್ಪನಾದ ಮುನಿರಾಮಯ್ಯ ತಟ್ಟೆ ಹಿಡಿದು ಕೂತರು. ಕೂತೇ ಇದ್ದರು. ಗಂಡಿನವರು ಕೇಳಿದರು, ಮತ್ತೆ ಕೇಳಿದರು, ಕೊನೆಗೆ ಟವೆಲ್ಲು ಕೊಡವಿ ಎದ್ದು ಹೋದರು. ಮುನಿರಾಮಯ್ಯ ಆಮೇಲೂ ಒಂದು ತಿಂಗಳು ಯಾರೊಡನೆಯೂ ಮಾತಾಡಲಿಲ್ಲ. ಗಂಡಿನವರು ಬೆಳಿಗ್ಗೆ ಸ್ಕೂಟರ್ ಕೇಳಿದ್ದಕ್ಕೆ ಸಿಟ್ಟು ಎಂದು ಊರು ತೀರ್ಮಾನಿಸಿತು. ಹೆಸರಿನಲ್ಲೇ ಮುನಿ ಇದ್ದವನು ಮುನಿಸಿಕೊಳ್ಳದೆ ಇರುತ್ತಾನೆಯೇ! ಎರಡು ವರ್ಷದ ಮೇಲೆ ಆ ಗಂಡು ಇನ್ನೊಂದು ಸಂಸಾರ ಮುಚ್ಚಿಟ್ಟಿದ್ದು ಹೊರಬಿದ್ದಾಗ ಊರು ಮುನಿರಾಮಯ್ಯನವರಿಗೆ ಕೈಮುಗಿಯಿತು.

ಅಪ್ಪಯ್ಯಣ್ಣ ಕೈಮುಗಿಯಲಿಲ್ಲ. ಮಗಳಿಗೆ ನೆಲಮಂಗಲದಲ್ಲಿ ಒಳ್ಳೆಯ ಮನೆಯೇ ಸಿಕ್ಕಿತು. ಆದರೆ ತುಂಬಿದ ಸಭೆಯಲ್ಲಿ ಅಣ್ಣ ಮಾಡಿದ ಅವಮಾನಕ್ಕೆ ಅವನು ಅಂಗಳದ ನಡುವೆ ಗೋಡೆ ಎಬ್ಬಿಸಿದ. ಇಪ್ಪತ್ತು ಚಿಲ್ಲರೆ ವರ್ಷವಾದರೂ ಆಚೆಯಿಂದ ಕೆಮ್ಮು ಬಿಟ್ಟು ಬೇರೇನೂ ಕೇಳಿಸಿರಲಿಲ್ಲ. ಪ್ರಮೋದಾ ಆಗ ಮೈಸೂರಿನಲ್ಲಿ ವೈದ್ಯಕೀಯ ಪರೀಕ್ಷೆ ಬರೆಯುತ್ತಿದ್ದಳು. ಅವಳು ಮನೆಗೆ ಬರುವಷ್ಟರಲ್ಲಿ ಅಪ್ಪ ಒಂದೆರಡು ಮಾತಾಡುತ್ತಿದ್ದರು. ಸಿಟ್ಟು ಇಳಿಯುತ್ತಿದೆ ಎಂದರು ಎಲ್ಲರೂ. ಅವಳೂ ನಂಬಿದಳು.

ಸ್ಕ್ಯಾನ್ ಮುಗಿದಾಗ ಟೆಕ್ನೀಷಿಯನ್ ಅನಿಲ್‌ಕುಮಾರ್ ಪರದೆಯಿಂದ ತಿರುಗಿ, "ಮೇಡಂ, ಈ ಕಂಟ್ರೋಲು ಕಂಟ್ರೋಲಲ್ಲಿಲ್ಲ" ಎಂದ.

ಎಡಗಡೆ, ಹಣೆಯ ಹಿಂಬದಿಯಲ್ಲಿ, ಮಾತು ಹೊರಡುವ ಜಾಗದಲ್ಲಿ ಹುಣಸೆ ಬೀಜದಷ್ಟು ಹಳೆಯ ಕಲೆ. ಕೋಳಿಯ ಚಿತ್ರಕ್ಕೆ ಕೋಳಿ ಎಂದಾಗ ಬಣ್ಣ ಬಂದದ್ದು ಬಲಗಡೆ. ಇಷ್ಟು ಸ್ಪಷ್ಟವಾದ ಹಳ್ಳಿದಾರಿಯನ್ನು ಪ್ರಮೋದಾ ವರ್ಷಗಳಿಂದ ಹುಡುಕುತ್ತಿದ್ದಳು. ಅದು ತನ್ನ ತವರಿನ ದಾರಿಯಾಗಿತ್ತು.

ಭಾನುವಾರ ಜಗಲಿಯಲ್ಲಿ ತಾಯಿ ದ್ಯಾವಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಪ್ರಮೋದಾ ಕಲೆಯ ವಿಷಯ ಹೇಳಿ ಕೇಳಿದಳು:

"ಮಮತನ ತಾಂಬೂಲದಲ್ಲಿ ನೀನು ಬೇಕಂತ ಸುಮ್ನಿದ್ಯಾ ಅಪ್ಪಾ?"

"ಮತ್ತೆ? ಆ ಗಂಡಿನ ಮುಖ ನೋಡಿದ್ರೆ ಗೊತ್ತಾಗ್ತಿರ್ಲಿಲ್ವಾ?"

"ಬಲಗೈಯಿಂದ ತಟ್ಟೆ ಜಾರ್ತಿತ್ತು," ಎಂದರು ದ್ಯಾವಮ್ಮ, ಕಾಯಿಯಿಂದ ಕಣ್ಣೆತ್ತದೆ. "ನಾನೇ ಹಿಡ್ಕೊಂಡಿದ್ದು. ಏನೋ ಗಾಳಿ ಮೆಟ್ಕೊಂಡದೆ ಅಂದೆ, ಯಾರು ಕೇಳಿದ್ರು?"

"ನೀನು ಸುಮ್ಕಿರು." ಮುನಿರಾಮಯ್ಯ ಬಲಗೈ ನೋಡಿಕೊಂಡರು. "ಮಾತು ಒಳಗಿತ್ತು ಮಗಾ. ಹೊರಗೆ ಬರ್ಲಿಲ್ಲ. ಹೆದರ್ಕೊಂಡ್ಬಿಟ್ಟೆ. ಆಮೇಲೆ ಎಲ್ರೂ ಕೋಪ ಅಂದ್ರು. ಅದೇ ಮರ್ಯಾದೆಯಾಗಿ ಕಾಣ್ತು. ಹೇಳ್ತಾ ಹೇಳ್ತಾ ನಂಗೂ ಅದೇ ನಿಜ ಅನ್ನಿಸ್ಬಿಡ್ತು."

"ಚಿಕ್ಕಪ್ಪಂಗೆ ಹೇಳೋಣ."

"ಬೇಡ! ನಾನು ಒಪ್ಪಿದ ಸಂಬಂಧಗಳು ಊರಲ್ಲಿ ಎಷ್ಟವೆ ಗೊತ್ತಾ? ಲಕ್ವ ಹೊಡೆದ ತಲೆ ನಂಬ್ಕೊಂಡು ಮಕ್ಳ ಮದುವೆ ಮಾಡಿದ್ವಿ ಅಂತಾರೆ."

ಗುಟ್ಟು ರೋಗಿಯದು, ಡಾಕ್ಟರು ಬಾಯಿಬಿಡುವಂತಿಲ್ಲ, ಮಗಳಾದರೂ. ಗೋಡೆ ನಿಂತಿರುವುದು ಒಂದು ರಕ್ತದ ಹೆಪ್ಪಿನ ಮೇಲೆ ಎಂದು ಗೊತ್ತಿದ್ದೂ ಅವಳು ಮಾಡಬಹುದಾಗಿದ್ದು ಮಾತ್ರೆ ಬರೆದುಕೊಡುವುದೊಂದೇ. ಕೊಡುವಾಗ ಎಲ್ಲ ರೋಗಿಗಳಿಗೂ ಹೇಳುವುದನ್ನೇ ಹೇಳಿದಳು: "ಒಂದು ದಿನಾನೂ ತಪ್ಪಿಸ್ಬೇಡ. ಇದು ಮತ್ತೆ ಬರಬಹುದು. ಈ ಸಲ ಮಾತು ವಾಪಸ್ ಬರುತ್ತೆ ಅಂತ ನಾನು ಹೇಳೋಕಾಗಲ್ಲ."

ಮಾತ್ರೆ ಕೆಲಸ ಮಾಡಿತೋ, ಈ ಮಾತು ಕೆಲಸ ಮಾಡಿತೋ. ಕೆಲವು ವಾರದ ಮೇಲೆ ಒಂದು ಭಾನುವಾರ ಮುನಿರಾಮಯ್ಯ ಬೆಳಿಗ್ಗೆಯೇ ಒಗೆದ ಅಂಗಿ ಹಾಕಿಕೊಂಡು, "ಫೋಟೋ ತಗೊಂಡು ಬಾ" ಎಂದು ಗೋಡೆ ಬಳಸಿ ಹೊರಟರು. ಪ್ರಮೋದಾ ಫೋನು ಹಿಡಿದು ಹಿಂಬಾಲಿಸಿದಳು. ಅಪ್ಪಯ್ಯಣ್ಣ ದ್ರಾಕ್ಷಿ ಚಪ್ಪರದ ಕೆಳಗೆ ನೀರಿನ ಪೈಪು ಬಿಚ್ಚುತ್ತಿದ್ದ.

"ಲೇ ಅಪ್ಪಯ್ಯಾ."

"ಯಾರು, ಏನು ಬೇಕಂತೆ ಕೇಳು ಪ್ರಮೋದಾ," ಎಂದ ಅಪ್ಪಯ್ಯಣ್ಣ, ಪೈಪಿಗೆ.

"ಅವತ್ತು ನಂಗೆ ಲಕ್ವ ಹೊಡೆದಿತ್ತು ಕಣೋ. ಬಾಯಿ ಬರ್ಲಿಲ್ಲ."

ಪೈಪು ಕೆಳಗೆ ಬಿತ್ತು. "ಇದನ್ನ ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ?"

"ನಂಗೇ ಮೊನ್ನೆ ಗೊತ್ತಾಗಿದ್ದು. ತೋರ್ಸಮ್ಮಾ."

ಅಪ್ಪಯ್ಯಣ್ಣ ಫೋನನ್ನು ದೂರ ಹಿಡಿದ, ಹತ್ತಿರ ಹಿಡಿದ. "ಮತ್ತೆ ಆ ಗಂಡು ಸರಿಯಿಲ್ಲ ಅಂತ ನಿಂಗೆ ಮೊದ್ಲೇ ಹೊಳೀತು ಅಂತಾರಲ್ಲ ಊರೋರು?"

ಪ್ರಮೋದಾ ಅಪ್ಪನ ಮುಖ ನೋಡಿದಳು. ಇದಕ್ಕೆ ಹೌದು ಅಂದುಬಿಡಬಹುದಿತ್ತು. ಕೀರ್ತಿ ಅರ್ಧವಾದರೂ ಉಳಿಯುತ್ತಿತ್ತು.

"ಏನೂ ಹೊಳೀಲಿಲ್ಲ ಕಣೋ. ಕೊಟ್ಟೆವು ಅನ್ನೋಕೇ ಬಾಯಿ ತೆಗೆದಿದ್ದೆ."

ಅಪ್ಪಯ್ಯಣ್ಣ ಪಂಪಿನ ಕಟ್ಟೆಯ ಮೇಲೆ ಕೂತ. ಬಿಚ್ಚಿದ ಪೈಪಿನಿಂದ ನೀರು ಮೂವರ ಕಾಲನ್ನೂ ನೆನೆಸಿಕೊಂಡು ಹರಿಯುತ್ತಿತ್ತು, ಯಾರೂ ನಿಲ್ಲಿಸಲಿಲ್ಲ. ಅಪ್ಪಯ್ಯಣ್ಣ ಫೋನನ್ನು ಮತ್ತೊಮ್ಮೆ ಕಣ್ಣಿಗೆ ಹಿಡಿದ.

"ಅಣ್ಣ ಒಂದು ತಿಂಗಳು ಮಾತಾಡ್ಲಿಲ್ಲ, ಇಷ್ಟು ಕಲೆ ಸಿಕ್ತು. ನಾನು ಇಷ್ಟು ವರ್ಷ ಮಾತಾಡಿಲ್ಲ. ನನ್ ತಲೇಲಿ ಹಲಸಿನ ಬೀಜದಷ್ಟಾದ್ರೂ ಇರ್ಬೇಕು. ತೆಗಿ ಪ್ರಮೋದಾ, ನಂದೂ ಒಂದು ಫೋಟೋ."

ಅವಳಿಗೆ ಒಬ್ಬ ಕಂಟ್ರೋಲ್ ಕಡಿಮೆಯಿತ್ತು. ಮುಂದಿನ ವಾರ ಅಣ್ಣ ತಮ್ಮ ಇಬ್ಬರೂ ಒಂದೇ ಕಾರಿನಲ್ಲಿ ಬಂದರು. ಯಂತ್ರದೊಳಗೆ ಲೋಹ ಕೂಡದೆಂದು ಅಪ್ಪಯ್ಯಣ್ಣ ಬೆಳ್ಳಿಯ ಉಡಿದಾರ ಬಿಚ್ಚಿ ಅಣ್ಣನ ಕೈಗೆ ಕೊಟ್ಟು ಒಳಗೆ ಹೋದ. ಬೀಗ, ಬಾಚಣಿಗೆ, ಕೋಳಿ ಎಲ್ಲವನ್ನೂ ಸಂತೆಯಲ್ಲಿ ಕೂಗುವಂತೆ ಕೂಗಿದ.

ಪಠ್ಯಪುಸ್ತಕದಲ್ಲಿ ಅಚ್ಚು ಹಾಕಿಸಬಹುದಾದ ತಲೆ. ಆ ವಯಸ್ಸಿಗೆ ಅಷ್ಟು ಶುಭ್ರವಾದದ್ದು ಅವಳು ನೋಡಿದ್ದು ಅಪರೂಪ.

"ಏನೂ ಇಲ್ಲ ಚಿಕ್ಕಪ್ಪಾ," ಎಂದಳು ಪ್ರಮೋದಾ ಖುಷಿಯಿಂದ.

"ಏನೂ ಇಲ್ವಾ?"

"ಚೂರೂ ಇಲ್ಲ."

ಅಪ್ಪಯ್ಯಣ್ಣನ ಮುಖ ಇಳಿಯಿತು. "ಸರಿಯಾಗಿ ನೋಡಮ್ಮಾ. ಎಲ್ಲಾದ್ರೂ ಒಂಚೂರು ಇರ್ಬೇಕು."

ಅನಿಲ್‌ಕುಮಾರ್ ಅವನಿಗಾಗಿ ಮತ್ತೆ ಮೊದಲಿನಿಂದ ಒಂದೊಂದೇ ಚಿತ್ರ ಸರಿಸಿದ. ಅಪ್ಪಯ್ಯಣ್ಣ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಹುಡುಕುತ್ತಿದ್ದ. ಮುನಿರಾಮಯ್ಯ ಹಿಂದೆ, ತಮ್ಮನ ಉಡಿದಾರ ಹಿಡಿದುಕೊಂಡು ಸುಮ್ಮನೆ ನಿಂತಿದ್ದರು. ಈ ಸಲ ಬೇಕೆಂದೇ.